ನೀಲಿಯಲ್ಲದ ಬ್ಯಾಂಡೇಜು

ಬೆರಳಿಗೆ ಏನಾಯಿತು ಎಂದು ಕೇಳಿದ್ದಕ್ಕೆ ದೊರೆ, ಬೇಕರಿಯಲ್ಲಿ ಬ್ರೆಡ್ ಕೊಯ್ಯುವ ಚಾಕು ತಾಗಿತು ಎಂದ. ಸುಳ್ಳು. ಅವನು ಬಾಯಿ ಮುಚ್ಚುವ ಮೊದಲೇ ನನಗೆ ಗೊತ್ತಾಗಿತ್ತು.

ಅವನು ಕೆಲಸ ಮಾಡುವ ಬೇಕರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಕೈಗೆ ಗಾಯವಾದರೆ ನೀಲಿ ಬ್ಯಾಂಡೇಜನ್ನೇ ಸುತ್ತಬೇಕು. ಹಿಟ್ಟಿನೊಳಗೆ ಕಳಚಿ ಬಿದ್ದರೆ ಥಟ್ಟನೆ ಕಣ್ಣಿಗೆ ಬೀಳಲಿ ಅಂತ. ಹಿಟ್ಟಿನಲ್ಲಿ ನೀಲಿ ಎಲ್ಲಿಂದ ಬರಬೇಕು? ನಮ್ಮ ಮನೆಯ ಬಚ್ಚಲಿನ ಕಪಾಟಿನಲ್ಲೂ ನೀಲಿಯದೇ ಇರುವುದು, ಅವನೇ ತಂದು ತುಂಬಿದ್ದು. ನಾನು ಟೈಲರ್, ದಿನಕ್ಕೊಮ್ಮೆಯಾದರೂ ಸೂಜಿ ಚುಚ್ಚಿಕೊಳ್ಳುವವನು, ಅದೇ ನೀಲಿಯನ್ನು ಸುತ್ತಿಕೊಂಡು ಗಿರಾಕಿಗಳ ಅಳತೆ ತೆಗೆಯುತ್ತೇನೆ. ಆವತ್ತು ದೊರೆಯ ಉಂಗುರದ ಬೆರಳ ಮೇಲಿದ್ದದ್ದು ಮೈಬಣ್ಣದ, ಗುಂಡಿಯಷ್ಟು ಗುಂಡಗಿನ ಬ್ಯಾಂಡೇಜು. ಅದೂ ತುದಿಗಲ್ಲ, ಪಕ್ಕಕ್ಕೆ. ಚಾಕು ಅಷ್ಟು ಅಚ್ಚುಕಟ್ಟಾಗಿ ಕೊಯ್ಯುತ್ತದೆಯೇ? ಅಂಥ ಬ್ಯಾಂಡೇಜನ್ನು ಅಂಥ ಜಾಗಕ್ಕೆ ಅಂಟಿಸುವುದು ಈ ಊರಲ್ಲಿ ಒಂದೇ ಕಡೆ, ನಾವು ಎಚ್‌ಐವಿ ಟೆಸ್ಟ್ ಮಾಡಿಸುವ ಕ್ಲಿನಿಕ್ಕಿನಲ್ಲಿ.

ನಾನು "ಓಹೋ" ಎಂದು ಹೇಳಿ ಪ್ಯಾಂಟೊಂದರ ಅಂಚು ಬಿಚ್ಚಲು ಕೂತೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆ ಉರಿ ಎಂದು ಹೇಳಬೇಕಾದರೆ ನಮ್ಮಿಬ್ಬರ ಪದ್ಧತಿ ಹೇಳಬೇಕು. ನಾನು, ದೊರೆ ಒಂದೇ ಮನೆಯಲ್ಲಿ ಸಂಸಾರ ಮಾಡಲು ತೀರ್ಮಾನಿಸಿದ ದಿನ ಅವನೇ ಹಾಕಿದ ಷರತ್ತು ಅದು. ಎಲ್ಲಿಗೆ ಹೋಗಿದ್ದೆ, ಯಾರ ಜತೆ ಇದ್ದೆ ಎಂಬ ವಿಚಾರಣೆ ಬೇಡ. ಆಣೆ ಪ್ರಮಾಣವೂ ಬೇಡ. ಬಟ್ಟೆಯ ಹಂಗಾಮು ಬದಲಾದಾಗಲೆಲ್ಲ, ಅಂದರೆ ಜನ ದಪ್ಪ ಕೋಟುಗಳನ್ನು ರಿಪೇರಿಗೆ ತರುವಾಗ ಒಂದು ಸಲ, ತೆಳು ಅಂಗಿ ಹೊಲಿಸುವಾಗ ಒಂದು ಸಲ, ನಡುವೆ ಇನ್ನೆರಡು ಸಲ, ಇಬ್ಬರೂ ಒಟ್ಟಿಗೆ ಹೋಗುವುದು. ಒಟ್ಟಿಗೆ ಬೆರಳು ಕೊಡುವುದು. ಕ್ಲಿನಿಕ್ಕಿನ ಮೇಡಂ ಒಳಗೆ ಕರೆದಾಗ ಇಬ್ಬರೂ ಹೋಗಿ, ಅವನದನ್ನು ನಾನು ಮೊದಲು ಕೇಳಿಸಿಕೊಳ್ಳುವುದು, ನನ್ನದನ್ನು ಅವನು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ತಪ್ಪಿರಲಿಲ್ಲ. ಜ್ವರ ಬಂದಾಗಲೂ ಹೋಗಿದ್ದೇವೆ, ಜಗಳವಾಡಿ ಮಾತು ಬಿಟ್ಟಿದ್ದಾಗಲೂ ಹೋಗಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೇವೆ.

ಇದು ನನ್ನ ಅಕ್ಕನಿಗೂ ಗೊತ್ತು. ಅಕ್ಕನಿಂದ ನಾನು ಏನನ್ನೂ ಮುಚ್ಚಿಟ್ಟವನಲ್ಲ. ಅವಳು ಒಮ್ಮೆ ಊಟಕ್ಕೆ ಕರೆದಾಗ, ಈ ಇಬ್ಬರೂ ಎಷ್ಟು ಶಿಸ್ತಿನಿಂದ ಟೆಸ್ಟಿಗೆ ಹೋಗುತ್ತಾರೆ ನೋಡಿ ಎಂದು ಗಂಡನ ಮುಂದೆ ಹೊಗಳಿದಳು. ಭಾವನಿಗೆ ಡ್ರೈವಿಂಗ್ ಸ್ಕೂಲ್ ಇದೆ. ಗಾಡಿಗೆ ಸರ್ವೀಸಿಂಗ್ ಮಾಡಿಸಿದ ಹಾಗೆ ಅನ್ನಿ ಎಂದು ನಕ್ಕು, ತಟ್ಟೆ ನೋಡುತ್ತ ಕೂತರು.

ಹಾಗಾಗಿ, ದೊರೆ ಒಬ್ಬನೇ ಹೋಗಿದ್ದಾನೆ ಅಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಹಂಗಾಮು ಬದಲಾಗಲು ಇನ್ನೂ ದಿನವಿತ್ತು. ಕಾಯಲಾರದಷ್ಟು ಹೆದರಿಕೆ ಹುಟ್ಟಿಸುವ ಕೆಲಸ ಎಲ್ಲೋ ಮಾಡಿಕೊಂಡಿದ್ದಾನೆ. ಹೋಗಲಿ, ಮನುಷ್ಯ, ಕಾಲು ಜಾರಿದ ಅನ್ನೋಣ. ಬಂದು ಹೇಳಬಾರದೇ? ನಾನೇನು ಹುಲಿಯೇ, ಕರಡಿಯೇ?

ಅವನು ನನ್ನನ್ನು ಕರೆಯುವುದು ಸೂಜಿ ಅಂತ. ನನ್ನ ಕಸುಬಿಗಾಗಿ ಇಟ್ಟ ಹೆಸರು ಎಂದು ಹೊರಗಿನವರ ಹತ್ತಿರ ಹೇಳುತ್ತಾನೆ. ನನ್ನ ಬಾಯಿಗಾಗಿ ಇಟ್ಟದ್ದು ಎಂದು ನನಗೂ ಗೊತ್ತು. ನಾನು ಅವನನ್ನು ದೊರೆ ಎನ್ನುವುದು, ಮನೆ ಹೊತ್ತಿ ಉರಿಯುತ್ತಿದ್ದರೂ ಟೀ ಮುಗಿಸಿಯೇ ಏಳುವ ಅವನ ಗತ್ತಿಗಾಗಿ.

ಆವತ್ತಿನಿಂದ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಸಾಕ್ಷಿಯೇ. ಫೋನ್ ಬಂದರೆ ದೊರೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಮೊದಲು ನನ್ನ ಮುಂದೆಯೇ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಮಾತಾಡುತ್ತಿದ್ದವನು! ಒಂದು ದಿನ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಬಾಗಿಲ ಸಂದಿಯಲ್ಲಿ ನಿಂತೆ. "ಹೆದರ್ಬೇಡಿ, ನಾನಿರ್ತೀನಲ್ಲ. ಗುರುವಾರ ಸಂಜೆ ಅಲ್ಲೇ ಸಿಗೋಣ" ಎನ್ನುತ್ತಿದ್ದ. ಎಷ್ಟು ಮೆತ್ತಗೆ! ನನಗೆ ಆ ದನಿಯಲ್ಲಿ ಮಾತಾಡಿ ಯಾವ ಕಾಲವಾಯಿತೋ. ಗುರುವಾರ ಸಂಜೆ ಅಂದರೆ ಕ್ಲಿನಿಕ್ಕಿನವರು ಗಂಡಸರನ್ನು ಮೆಚ್ಚುವ ಗಂಡಸರಿಗಾಗಿಯೇ ಮೀಸಲಿಟ್ಟ ಸಂಜೆ. "ಹೆದರ್ಬೇಡಿ" ಅಂತೆ. ಬಹುವಚನ ಬೇರೆ. ಇನ್ನೂ ಸಲಿಗೆ ಬೆಳೆದಿಲ್ಲ, ಹೊಸಬನೇ ಇರಬೇಕು ಎಂದು ಲೆಕ್ಕ ಹಾಕಿದೆ.

ಬೇಕರಿಗೆ ಹೊಸದಾಗಿ ಸೇರಿದವನು ಒಬ್ಬನಿದ್ದ, ಕೇಕಿನ ಮೇಲೆ ಕ್ರೀಮಿನಿಂದ ಹೂವು ಬಿಡಿಸುವವನು. ಅವನ ಕೈಚಳಕದ ಬಗ್ಗೆ ದೊರೆ ಮನೆಯಲ್ಲಿ ಎರಡು ಸಲ ಹೊಗಳಿದ್ದ. ಎರಡು ಸಲ! ಮರುದಿನ ಅಂಗಡಿಗೆ ಬೀಗ ಹಾಕಿ ಬ್ರೆಡ್ ಕೊಳ್ಳುವ ನೆಪದಲ್ಲಿ ಬೇಕರಿಗೆ ಹೋದೆ. ಗಾಜಿನ ಆಚೆ ಆ ಕ್ರೀಮಿನವನು ನಿಂತಿದ್ದ. ಎತ್ತರ ಚೆನ್ನಾಗಿತ್ತು, ಅಂಗಿಯ ಭುಜ ಮಾತ್ರ ಜೋತುಬಿದ್ದಿತ್ತು, ಹೊಲಿದವನ ಕೈಗಿಷ್ಟು. ಅವನ ಹೆಬ್ಬೆರಳಿಗೂ ಬ್ಯಾಂಡೇಜು ಇತ್ತು, ಆದರೆ ಶುದ್ಧ ನೀಲಿ. ನನಗೆ ನಿರಾಸೆಯೇ ಆಯಿತು ಅನ್ನಬೇಕು. ಒಬ್ಬ ಸಿಕ್ಕಿದ್ದರೆ ಜಗಳವಾಡಲು ಒಂದು ಮುಖವಾದರೂ ಇರುತ್ತಿತ್ತು. ಒಣಗಿದ ಬ್ರೆಡ್ ಹಿಡಿದುಕೊಂಡು ವಾಪಸು ಬಂದೆ.

ಅದೇ ವಾರ ಅಕ್ಕ ಅಂಗಡಿಗೆ ಬಂದಳು. ಭಾವನ ಪ್ಯಾಂಟುಗಳನ್ನು ತಂದಿದ್ದಳು, ಸೊಂಟ ಚಿಕ್ಕದು ಮಾಡಬೇಕಂತೆ. ಸರಿಯಾಗಿ ತಿನ್ನುತ್ತಿಲ್ಲ, ನಡುಮನೆಯಲ್ಲಿ ಒಬ್ಬರೇ ಮಲಗುತ್ತಾರೆ, ಕೇಳಿದರೆ ಸ್ಕೂಲಿನ ತಲೆನೋವು ಎನ್ನುತ್ತಾರೆ ಎಂದು ಅಲವತ್ತುಕೊಂಡಳು. ನಾನು ಹೂಂಗುಟ್ಟುತ್ತ ಪಿನ್ನು ಚುಚ್ಚಿದೆ. ಕಳೆದ ಸಲಕ್ಕಿಂತ ಎಷ್ಟು ಒಳಗೆ ಹೋಗಿದೆ ಎಂದು ಕೈಗೆ ಗೊತ್ತಾಯಿತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ದೊರೆಯೇ ಕೂತಿದ್ದ. ನಿನಗೇನಾಗಿದೆ, ಮುಖ ಯಾಕೆ ಹಾಗಿದೆ ಎಂದು ಅಕ್ಕ ಕೇಳಿದಳು. ಏನಿಲ್ಲ ಎಂದೆ.

ಗುರುವಾರ ಸಂಜೆ ದೊರೆ, ಬೇಕರಿಯಲ್ಲಿ ಒಲೆ ರಿಪೇರಿಯಿದೆ, ಬರುವುದು ತಡ ಎಂದು ಹೇಳಿ ಹೊರಟ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಯಾರಾದರೂ ಒಲೆ ರಿಪೇರಿಗೆ ಹೋಗುತ್ತಾರೆಯೇ? ನಾನೇ ಹೊಲಿದ ಅಂಗಿ ಬೇರೆ. ಅವನು ತಿರುವು ದಾಟಿದ ಮೇಲೆ ಚಪ್ಪಲಿ ಮೆಟ್ಟಿ ಹೊರಟೆ.

ಕ್ಲಿನಿಕ್ಕು ಇರುವುದು ಕನ್ನಡಕದ ಅಂಗಡಿಯ ಮಹಡಿಯ ಮೇಲೆ. ಕಿರಿದಾದ ಮೆಟ್ಟಿಲು, ಮೇಲೆ ಹೋದರೆ ಉದ್ದನೆಯ ಬೆಂಚು, ಗೋಡೆಗೆ ಒಂದು ಗಡಿಯಾರ. ಅಲ್ಲಿ ಹೆಸರು ಕೂಗುವುದಿಲ್ಲ, ಟೋಕನ್ ಕೊಡುತ್ತಾರೆ. ಬೆಂಚಿನ ಮೇಲೆ ನಾಲ್ಕಾರು ಜನ ಕೂತಿದ್ದರು. ಯಾರೂ ಯಾರ ಮುಖವನ್ನೂ ನೇರವಾಗಿ ನೋಡದೆ ಕೂರುವುದು ಅಲ್ಲಿಯ ಮರ್ಯಾದೆ. ಕೊನೆಯಲ್ಲಿ ದೊರೆ, ಅವನಿಗೆ ಅಂಟಿಕೊಂಡಂತೆ ಒಬ್ಬ ಟೋಪಿಯವನು, ತಲೆ ತಗ್ಗಿಸಿ ಮೊಣಕಾಲ ನಡುವೆ ಕೈ ಸಿಕ್ಕಿಸಿಕೊಂಡು ಕೂತಿದ್ದ. ದೊರೆಯ ಕೈ ಆ ಟೋಪಿಯವನ ಬೆನ್ನ ಮೇಲಿತ್ತು.

ಆಮೇಲೆ ಮರ್ಯಾದೆ ಗಿರ್ಯಾದೆ ಏನೂ ಉಳಿಯಲಿಲ್ಲ. "ಒಲೆ ಚೆನ್ನಾಗಿ ರಿಪೇರಿ ಆಗ್ತಿದೆ ಅಲ್ವಾ?" ಎಂದೆ. ನನ್ನ ದನಿ ಕೆಳಗಿನ ಕನ್ನಡಕದ ಅಂಗಡಿಗೂ ಕೇಳಿಸಿರಬೇಕು. "ಯಾರಪ್ಪಾ ಈ ಮಹಾನುಭಾವರು? ಟೋಪಿ ತೆಗೀರಿ, ಮುಖ ನೋಡೋಣ."

ಟೋಪಿಯವನು ತಲೆಯೆತ್ತಿದ. ಭಾವ.

ಭಾವನಿಗೆ ಇಲ್ಲೇನು ಕೆಲಸ, ದೊರೆಯನ್ನು ಕರೆದುಕೊಂಡು ಹೋಗಲು ಬಂದರೇ ಎಂದುಕೊಂಡೆ. ಅವರ ಕಣ್ಣು ನೋಡಿದ ಮೇಲೆ ಗೊತ್ತಾಯಿತು, ಸರದಿ ಕಾಯುತ್ತಿದ್ದದ್ದು ಅವರೇ. ಭಾವ ಎದ್ದರು, ನನ್ನ ಭುಜಕ್ಕೆ ಭುಜ ಬಡಿದುಕೊಂಡು ಮೆಟ್ಟಿಲಿಳಿದು ಓಡಿದರು. ದೊರೆ ಹಿಂದೆಯೇ ಹೋದ. ಬೆಂಚಿನ ಮೇಲೆ ಭಾವನ ಟೋಕನ್ ಬಿದ್ದಿತ್ತು. ಉಳಿದವರೆಲ್ಲ ನೆಲ ನೋಡುತ್ತಿದ್ದರು. ಒಬ್ಬ ಮೆಲ್ಲಗೆ ಎದ್ದು ತಾನೂ ಹೊರಟುಹೋದ.

ದೊರೆ ಒಬ್ಬನೇ ವಾಪಸು ಬಂದ. ಬೀದಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಮನೆಗೆ ಬಂದು ಟೀ ಇಟ್ಟ. ಎರಡು ಲೋಟ ಇಟ್ಟ, ಒಂದನ್ನು ವಾಪಸು ಕಪಾಟಿಗೆ ಹಾಕಿದ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಕೇಳದೇ ಇದ್ದರೂ ಸ್ವಲ್ಪಸ್ವಲ್ಪವಾಗಿ ಹೇಳಿದ. ಎಷ್ಟೋ ತಿಂಗಳ ಹಿಂದೆ ಭಾವ ಬೇಕರಿಯ ಹಿಂಬಾಗಿಲಿಗೆ ಬಂದಿದ್ದರಂತೆ. ತಮ್ಮ ಸ್ನೇಹಿತನೊಬ್ಬನಿಗೆ ಟೆಸ್ಟ್ ಮಾಡಿಸಬೇಕಿತ್ತು, ಎಲ್ಲಿ, ಹೇಗೆ ಎಂದು ಕೇಳಿದ್ದರಂತೆ. ಆ ಸ್ನೇಹಿತ ಯಾರೆಂದು ದೊರೆಗೆ ಆಗಲೇ ಗೊತ್ತಾಗಿತ್ತು, ಆದರೆ ಬಾಯಿಬಿಡಲಿಲ್ಲ. ಸ್ನೇಹಿತನಿಗೆ ಹೀಗೆ ಹೇಳಿ, ಹಾಗೆ ಹೇಳಿ ಎಂದು ಸ್ನೇಹಿತನ ಹೆಸರಿನಲ್ಲೇ ಧೈರ್ಯ ಹೇಳುತ್ತ ಬಂದಿದ್ದ. ಕೊನೆಗೆ ಒಂದು ದಿನ ಭಾವ, ನೀನೂ ಬೆರಳು ಕೊಟ್ಟರೆ ನಾನೂ ಕೊಡುತ್ತೇನೆ ಎಂದರು. ಅದಕ್ಕೇ ಆವತ್ತು ಇವನೂ ಅವರ ಜತೆ ಕೊಟ್ಟದ್ದು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟದ್ದಕ್ಕೇ ಚಾಕುವಿನ ಕತೆ ಕಟ್ಟಿದ್ದು.

"ಬೆರಳಿಗೆ ಬ್ಯಾಂಡೇಜ್ ನೋಡಿದ ಕೂಡಲೇ ನನ್ನನ್ನ ಕಳ್ಳ ಅಂದ್ಕೊಂಡೆ" ಎಂದ ದೊರೆ. "ಇಷ್ಟು ವರ್ಷ ಟೆಸ್ಟ್ ಮಾಡಿಸ್ಕೊಂಡು ಬಂದಿರೋ ನೀನೇ ಹಾಗಂದ್ಕೊಂಡ್ರೆ, ಅವರು ಹೆದರಿದ್ದು ತಪ್ಪಾ ಹೇಳು."

ಸಿಕ್ಕಿಬಿದ್ದಾಗ ನಾನು ಕೂಗಾಡುವವನು, ಆವತ್ತು ಅದು ಆಗಲಿಲ್ಲ. ಯಾಕೆಂದರೆ ಇನ್ನೊಂದು ವಿಷಯ ತಲೆಗೆ ಬಂದಿತ್ತು. ಭಾವ ಆವತ್ತೇ ಬೆರಳು ಕೊಟ್ಟಿದ್ದರೆ ಈ ಗುರುವಾರ ಮತ್ತೆ ಬಂದದ್ದು ಯಾಕೆ? ಬೆರಳ ರಕ್ತದ ಟೆಸ್ಟಿಗೆ ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು. ಚೆನ್ನಾಗಿದ್ದರೆ ಅಲ್ಲೇ ಹೇಳಿ ಕಳಿಸುತ್ತಾರೆ. ಎರಡನೇ ಸಲ ಬನ್ನಿ, ಲ್ಯಾಬಿನಿಂದ ಖಚಿತವಾಗಲಿ ಎಂದು ಕರೆಯುವುದು ಚೆನ್ನಾಗಿಲ್ಲದವರನ್ನು. ಇದು ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ದೊರೆಯನ್ನು ಕೇಳಿದೆ. ಅವರ ವಿಷಯ ಅವರೇ ಹೇಳಬೇಕು ಎಂದ. ಅಷ್ಟು ಸಾಕಾಯಿತು.

ಅಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ, ಅಲ್ಲಿ ಏನೂ ಗೊತ್ತಿಲ್ಲದೆ ಗಂಡನ ಪ್ಯಾಂಟಿನ ಸೊಂಟದ ಚಿಂತೆ ಮಾಡುತ್ತಿದ್ದಳು. ಈಗಲೇ ಹೋಗಿ ಹೇಳುತ್ತೇನೆ ಎಂದು ಎದ್ದೆ. ದೊರೆ ಬಾಗಿಲಿಗೆ ಅಡ್ಡ ನಿಂತ. ನೀನು ಹೇಳಿದರೆ ಭಾವ ಆ ಮೆಟ್ಟಿಲನ್ನು ಮತ್ತೆ ಹತ್ತುವುದಿಲ್ಲ, ಊರೇ ಬಿಟ್ಟುಹೋದರೂ ಹೋದಾರು, ಅವರಿಗೆ ಔಷಧಿಯೂ ಇಲ್ಲ, ಅಕ್ಕನಿಗೆ ನಿಜವೂ ಇಲ್ಲದ ಹಾಗಾಗುತ್ತದೆ ಎಂದ. ಫಲಿತಾಂಶ ಅವರೇ ಹೋಗಿ ತೆಗೆದುಕೊಳ್ಳಬೇಕು, ಬೇರೆ ಯಾರಿಗೂ ಮೇಡಂ ಕೊಡುವುದಿಲ್ಲ. ಭಾವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ದೊರೆ ಮಾಡಿದರೂ ಎತ್ತಲಿಲ್ಲ.

ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಮುಂದೆ ಹೋಗಿ ನಿಂತೆ. ಹಿಂದೊಮ್ಮೆ ಅಕ್ಕನ ಒತ್ತಾಯಕ್ಕೆ ಅಲ್ಲಿ ಕೆಲವು ದಿನ ಕಲಿತು, ಭಾವನ ಜತೆ ಕಿತ್ತಾಡಿ ಬಿಟ್ಟಿದ್ದೆ. ಭಾವ ನನ್ನನ್ನು ನೋಡಿ ಒಳಕ್ಕೆ ಹೋಗಲು ತಿರುಗಿದರು. ಸುತ್ತ ಕಲಿಯುವವರು ನಿಂತಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ, ಕ್ಲಾಸಿಗೆ ಬಂದಿದ್ದೇನೆ ಎಂದೆ. ಜನರ ಮುಂದೆ ಅವರು ಇಲ್ಲವೆನ್ನಲಾರದೆ ಕೀ ಕೊಟ್ಟರು.

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಕಲಿಯುವವನು ಎಡವಟ್ಟು ಮಾಡಿದರೆ ಅವರು ಅಲ್ಲಿಂದಲೇ ನಿಲ್ಲಿಸಬಹುದು. ಮೊದಲ ಗೇರಿನಲ್ಲಿ ಕಾರು ಎರಡು ಸಲ ಕುಪ್ಪಳಿಸಿತು. ಭಾವ ಅಭ್ಯಾಸಬಲದಿಂದ ನಿಧಾನ, ನಿಧಾನ ಎಂದರು. ದೊಡ್ಡ ರಸ್ತೆಗೆ ಬಂದ ಮೇಲೆ ನಾನು ಬಾಯಿಬಿಟ್ಟೆ. ನಿನ್ನೆ ನಾನು ಹುಡುಕುತ್ತಿದ್ದದ್ದು ನಿಮ್ಮನ್ನಲ್ಲ, ಅವನ ಮೇಲಿನ ಅನುಮಾನಕ್ಕೆ ಬಂದೆ, ಅಷ್ಟು ಜನರ ಮುಂದೆ ನಿಮ್ಮ ಮಾನ ತೆಗೆದೆ, ತಪ್ಪಾಯಿತು ಎಂದೆ. ಭಾವ ಕಿಟಕಿಯಾಚೆ ನೋಡುತ್ತಿದ್ದರು.

"ಅಕ್ಕನಿಗೆ ಹೇಳಿದ್ಯಾ?"

"ಇಲ್ಲ. ಆದ್ರೆ ನೀವು ಹೇಳ್ದೇ ಇದ್ರೆ ನಾನು ಸುಮ್ನಿರಲ್ಲ ಭಾವ. ಅವಳಿಗೇನಾದ್ರೂ ಆಗಿದ್ರೆ ನಿಮ್ಮನ್ನ ಕ್ಷಮಿಸೋದೂ ಇಲ್ಲ. ಅದನ್ನ ಈಗ್ಲೇ ಹೇಳ್ಬಿಡ್ತೀನಿ."

ಭಾವ ಕಿಟಕಿಯ ಗಾಜು ಏರಿಸಿದರು. ಆಮೇಲೆ, ನಿನ್ನ ಅಕ್ಕನನ್ನು ಮೆಚ್ಚಿ ಕಟ್ಟಿಕೊಂಡದ್ದು ಸುಳ್ಳಲ್ಲ, ಇದೂ ಸುಳ್ಳಲ್ಲ, ಎರಡೂ ನಾನೇ ಎಂದರು. ನೀವಿಬ್ಬರೂ ಟೆಸ್ಟಿನ ವಿಷಯ ಊಟದ ಮನೆಯಲ್ಲಿ ಹಾಗೆ ಮಾತಾಡುವಾಗ ಹೊಟ್ಟೆಕಿಚ್ಚಾಗುತ್ತಿತ್ತು ಎಂದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸ್ಟೀರಿಂಗ್ ಹಿಡಿದವನಿಗೆ ಎರಡಕ್ಕೂ ಪುರುಸೊತ್ತಿರಲಿಲ್ಲ.

ಕಾರು ಬಲಕ್ಕೆ ತಿರುಗಿದಾಗ ಅವರಿಗೆ ಗೊತ್ತಾಯಿತು.

"ಇದು ನಮ್ಮ ರೂಟಲ್ಲ. ಗಾಡಿ ನಿಲ್ಸು."

"ಬ್ರೇಕು ನಿಮ್ಮ ಕಾಲಡೀಲೂ ಇದೆ" ಎಂದೆ. "ಬೇಡ ಅಂದ್ರೆ ಒತ್ತಿ. ನಾನೇನೂ ಮಾಡೋಕಾಗಲ್ಲ."

ಅವರ ಪಾದ ಬ್ರೇಕಿನ ಮೇಲೆ ಬಂತು. ಓರೆಗಣ್ಣಿನಲ್ಲಿ ನೋಡಿದೆ. ಸಿಗ್ನಲ್ ದಾಟಿತು, ಔಷಧಿ ಅಂಗಡಿ ದಾಟಿತು, ಕನ್ನಡಕದ ಅಂಗಡಿಯ ಬೋರ್ಡು ಕಾಣಿಸಿತು. ಪಾದ ಅಲ್ಲೇ ಇತ್ತು. ಅವರು ಒತ್ತಲಿಲ್ಲ. ನಾನು ಒಂದು ಚಕ್ರವನ್ನು ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದೆ. ಹ್ಯಾಂಡ್ ಬ್ರೇಕು ಹಾಕು ಎಂದು ಹೇಳಿ ಭಾವ ಇಳಿದರು.

ಬೆಂಚು ಖಾಲಿಯಿತ್ತು. ಮೇಡಂ ಬಾಗಿಲು ತೆರೆದಾಗ ನಾನು ಹೊರಗೇ ಕೂತೆ. ಭಾವ ತಿರುಗಿ ನಿಂತರು.

"ಒಬ್ರದ್ದು ಇನ್ನೊಬ್ರು ಕೇಳ್ತೀರಂತಲ್ಲ ನೀವು. ಒಳಗೆ ಬಾ. ಒಬ್ನೇ ಕೇಳೋಕಾಗಲ್ಲ ನಂಗೆ."

ಹೋದೆ. ಅವರ ಒಪ್ಪಿಗೆ ಇನ್ನೊಮ್ಮೆ ಕೇಳಿದ ಮೇಲೆ ಮೇಡಂ ಸುತ್ತಿಬಳಸದೆ ಹೇಳಿದರು, ಸೋಂಕು ಇದೆ. ಮಾತ್ರೆ ಇವತ್ತೇ ಶುರು ಮಾಡಬಹುದು. ತಪ್ಪದೆ ತೆಗೆದುಕೊಂಡರೆ ವೈರಸ್ಸು ರಕ್ತದಲ್ಲಿ ಕಾಣದಷ್ಟು ಇಳಿಯುತ್ತದೆ, ಹಾಗೆ ಇಳಿದೇ ಇದ್ದರೆ ಹಾಸಿಗೆಯಲ್ಲಿ ಇನ್ನೊಬ್ಬರಿಗೆ ಹರಡುವುದಿಲ್ಲ, ಎಲ್ಲರಂತೆ ಬದುಕಬಹುದು ಎಂದರು. ಭಾವ ಇದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಹೆಂಡತಿ, ಎಂದರು. ಅವರನ್ನು ಬೇಗ ಕರೆದುಕೊಂಡು ಬನ್ನಿ, ಟೆಸ್ಟ್ ಮಾಡದೆ ಏನೂ ಹೇಳಲಾಗುವುದಿಲ್ಲ ಎಂದರು ಮೇಡಂ. ಆಮೇಲೆ ಬೇರೆ ಪರೀಕ್ಷೆಗಳಿಗೆಂದು ಭಾವನ ತೋಳಿನಿಂದ ರಕ್ತ ತೆಗೆದು, ಹತ್ತಿಯಿಟ್ಟು ಬಿಳಿ ಟೇಪು ಅಂಟಿಸಿದರು.

ವಾಪಸು ಬರುವಾಗಲೂ ನಾನೇ ಓಡಿಸಿದೆ. ಭಾವನ ಪಾದಗಳು ಬ್ರೇಕಿನಿಂದ ದೂರ, ಸೀಟಿನ ಕೆಳಗೆ ಮಡಚಿಕೊಂಡಿದ್ದವು. ಮನೆ ಹತ್ತಿರವಾದಾಗ ನಾನು ಅವರ ತೋಳಿನ ಕಡೆ ನೋಡಿದೆ. ತುಂಬುತೋಳಿನ ಅಂಗಿ, ನಾನೇ ಹೊಲಿದದ್ದು, ಮೊಣಕೈಯಿಂದ ಮೇಲಕ್ಕೆ ಮಡಚಿತ್ತು. ಟೇಪು ಎದ್ದು ಕಾಣುತ್ತಿತ್ತು. ತೋಳು ಇಳಿಸಿಕೊಳ್ಳಿ, ಒಳಗೆ ಹೋಗಿ ನಿಧಾನಕ್ಕೆ ಹೇಳುವಿರಂತೆ ಎಂದೆ. ಅವರು ತೋಳಿಗೆ ಕೈ ಹಾಕಿದರು. ಮತ್ತೆ ಬಿಟ್ಟರು.

ಅಕ್ಕ ಗೇಟಿನಲ್ಲೇ ನಿಂತಿದ್ದಳು. ನನ್ನನ್ನು ಸ್ಟೀರಿಂಗ್ ಹಿಂದೆ ನೋಡಿ ಬಾಯಿ ತುಂಬ ನಕ್ಕಳು, ಅಂತೂ ಕಲಿತೆಯಲ್ಲೋ, ನನ್ನ ಕಾಂಪೌಂಡು ಉಳಿಸಪ್ಪಾ ಎಂದಳು. ಗಾಬರಿಯಲ್ಲಿ ಕ್ಲಚ್ಚು ಬಿಟ್ಟೆ, ಕಾರು ಒಮ್ಮೆ ಎಗರಿ ಆಫಾಯಿತು. ಅವಳು ಇನ್ನೂ ನಗುತ್ತಲೇ ಗಂಡನ ಕಡೆಯ ಬಾಗಿಲು ತೆಗೆದಳು. ನಗು ಅಲ್ಲಿಗೆ ನಿಂತಿತು.

"ಕೈಗೇನಾಯ್ತು?" ಎಂದಳು.

ಚಾಕು, ಮೊಳೆ, ಇಂಜಿನ್ನು, ನೂರು ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದವು. ಹಲ್ಲು ಕಚ್ಚಿ ಕೂತೆ.

ಭಾವ ಆ ತೋಳನ್ನೇ ಅವಳ ಕಡೆ ಚಾಚಿ, ಅವಳ ಕೈ ಹಿಡಿದುಕೊಂಡು ಇಳಿದರು. "ಟೆಸ್ಟ್ ಮಾಡಿಸ್ಕೊಂಡು ಬಂದೆ" ಎಂದರು. "ಒಳಗೆ ಬಾ, ಎಲ್ಲಾ ಹೇಳ್ತೀನಿ."